ಶಾಂಗ್ ಕಾಲದ ಕಂಚಿನ ಪಾತ್ರೆಯಲ್ಲಿ ಡ್ರ್ಯಾಗನ್ ಎಲ್ಲಿದೆ?

ಗೀಚುಪೆನ್ಸಿಲ್:
ಮೂರು ದಿನದಿಂದ ಒಂದೇ ಫೋಟೋ ಮುಂದಿಟ್ಟುಕೊಂಡು ಚಿತ್ರ ಬಿಡಿಸುತ್ತಿದ್ದೇನೆ. ಚೀನಾದ ಶಾಂಗ್ ಅರಸರ ಕಾಲದ, ಮೂರು ಸಾವಿರ ವರ್ಷಕ್ಕೂ ಹಳೆಯ ಕಂಚಿನ ಡಿಂಗ್, ಅಂದರೆ ಕಾಲಿರುವ ಅಡುಗೆ ಪಾತ್ರೆ. ಫೋಟೋ ಕೆಳಗೆ 'ಡ್ರ್ಯಾಗನ್ ಅಲಂಕಾರ' ಅಂತ ಬರೆದಿದೆ. ನನಗೆ ಕಾಣುವುದು ಎರಡು ಗುಂಡು ಕಣ್ಣು, ಕೊಂಬು, ಕೆಳದವಡೆ ಇಲ್ಲದ ಬಾಯಿ. ಉಳಿದದ್ದೆಲ್ಲ ಬರೀ ಸುರುಳಿ. ರಬ್ಬರ್ ಸವೆಯಿತು, ಡ್ರ್ಯಾಗನ್ ಮಾತ್ರ ಸಿಗಲಿಲ್ಲ. ಎಲ್ಲಿದೆ ಅದು? ಅದು ರಾಜನ ಗುರುತಾ?

ಮಣ್ಣಚ್ಚು:
ಒಂದು ಕಾಗದ ಇಟ್ಟು ಮುಖದ ಬಲಭಾಗ ಮುಚ್ಚಿ. ಮೂಗಿನ ಗೆರೆಯಿಂದ ಎಡಕ್ಕೆ ಉಳಿದದ್ದನ್ನು ಪಕ್ಕದಿಂದ ಕಾಣುವ ಪ್ರಾಣಿ ಅಂದುಕೊಂಡು ನೋಡಿ. ಒಂದು ಕಣ್ಣು, ಒಂದು ಕೊಂಬು, ಒಂದು ಕಾಲು, ಮೇಲಕ್ಕೆ ಸುತ್ತಿಕೊಂಡ ಬಾಲ. ಸಿಕ್ಕಿತಾ? ಇದನ್ನು ಕುಯ್ ಡ್ರ್ಯಾಗನ್ ಅನ್ನುತ್ತಾರೆ. ಎರಡು ಕುಯ್ ಮೂಗಿಗೆ ಮೂಗು ತಾಗಿಸಿ ನಿಂತರೆ ನೀವು ಬಿಡಿಸುತ್ತಿರುವ ಮುಖ, ಟಾವೊಟಿಯೆ. ಹಿಂದಿನ ಚೌಕ ಸುರುಳಿಗಳು ಲೇವೆನ್, ಗುಡುಗಿನ ವಿನ್ಯಾಸ.

ನಾನು ಮಣ್ಣಿನ ಕೆಲಸದವನು, ನನ್ನ ಕಣ್ಣು ಹೋಗುವುದು ಸಂದಿನ ಕಡೆಗೆ. ಈ ಪಾತ್ರೆಗಳನ್ನು ತುಂಡು ತುಂಡು ಮಣ್ಣಿನ ಅಚ್ಚು ಜೋಡಿಸಿ ಎರಕ ಹೊಯ್ಯುತ್ತಿದ್ದರು. ಹಲವು ಪಾತ್ರೆಗಳಲ್ಲಿ ಎದ್ದು ನಿಂತ ಪಟ್ಟಿಗಳಿವೆಯಲ್ಲ, ಅವು ಆ ಸಂದುಗಳ ಮೇಲೇ ಬರುತ್ತವೆ. ಮುಚ್ಚಿಡಬೇಕಾದ ಗೆರೆಯನ್ನೇ ಅಲಂಕಾರ ಮಾಡಿಬಿಟ್ಟರು! ನನಗೆ ಹೊಟ್ಟೆಕಿಚ್ಚು.

ರಾಜನ ಗುರುತು ಅಂದರೆ ಐದು ಉಗುರಿನ ಡ್ರ್ಯಾಗನ್ ತಾನೆ? ಅದು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಈಚೆಗಿನದು. ಶಾಂಗ್ ಪಾತ್ರೆಗಳು ಸತ್ತ ಹಿರಿಯರಿಗೆ ಊಟ, ಮದ್ಯ ಇಡಲು.

ಹಳೆಯ ಓದುಗ:
ಟಾವೊಟಿಯೆ ಅಂದರೆ ಹೊಟ್ಟೆಬಾಕ. ಆದರೆ ಅದು ಶಾಂಗ್ ಜನ ಇಟ್ಟ ಹೆಸರು ಅಂದುಕೊಳ್ಳಬೇಡಿ. ಪಾತ್ರೆಯ ಮೇಲಿನ ಮುಖಕ್ಕೆ ಆ ಹೆಸರು ಕಾಣುವುದು ಕ್ರಿ.ಪೂ. 3ನೇ ಶತಮಾನದ 'ಲೂಷಿ ಚುನ್‌ಚಿಯು' ಅನ್ನುವ ಚೀನೀ ಗ್ರಂಥದಲ್ಲಿ. ಅಷ್ಟರಲ್ಲಿ ಶಾಂಗ್ ಮುಗಿದು ಸುಮಾರು 800 ವರ್ಷ ಆಗಿತ್ತು. ಈ ಮುಖದ ಅರ್ಥದ ಬಗ್ಗೆ ದೊಡ್ಡ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಮ್ಯಾಕ್ಸ್ ಲೋರ್ ಇದು ಸುಮ್ನೆ ವಿನ್ಯಾಸವಾಗಿ ಬೆಳೆದದ್ದು ಅಂದರು. ಕೆ.ಸಿ. ಚಾಂಗ್ ಪ್ರಕಾರ ಈ ಪ್ರಾಣಿಗಳು ಬದುಕಿದವರ ಮಾತನ್ನು ಸತ್ತವರಿಗೆ ಮುಟ್ಟಿಸುವ ದೂತರು.

ಮಣ್ಣಚ್ಚು:
ನಾನು ಚಾಂಗ್ ಕಡೆ. ಶಾಂಗ್ ರಾಜಧಾನಿಯಾಗಿದ್ದ ಆನ್ಯಾಂಗ್‌ನಲ್ಲಿ 1976ರಲ್ಲಿ ಸಿಕ್ಕ ರಾಣಿ ಫು ಹಾವೊ ಸಮಾಧಿಯಲ್ಲಿ ಒಂದು ಕಂಚಿನ ತಟ್ಟೆ ಇತ್ತು. ಒಳಗೆ ತಳದ ತುಂಬಾ ಸುತ್ತಿಕೊಂಡು ಮಲಗಿದ ಡ್ರ್ಯಾಗನ್. ಆ ತಟ್ಟೆ ನೀರಿಗೆ. ನೀರು ಹಾಕಿದಾಗ ಅದು ಹೇಗೆ ಕಂಡಿರಬೇಕು, ಯೋಚಿಸಿ. ಬರೀ ವಿನ್ಯಾಸಕ್ಕೆ ಅಲ್ಲಿ ಯಾರು ಮಾಡುತ್ತಾರೆ?

ಗೀಚುಪೆನ್ಸಿಲ್:
ಸಿಕ್ಕಿತು! ಅರ್ಧ ಮಾತ್ರ ಬಿಡಿಸಿ, ಕಾಗದ ಮಡಚಿ ಉಜ್ಜಿದೆ. ಈಗ ಮುಖ ಕಾಣುವುದೇ ಇಲ್ಲ, ಜಗಳಕ್ಕೆ ನಿಂತ ಎರಡು ಪ್ರಾಣಿ ಕಾಣುತ್ತಿವೆ. ಆದರೆ ಕಾಲು ಒಂದೇ ಯಾಕೆ?

ಹಳೆಯ ಓದುಗ:
ಪಕ್ಕದಿಂದ ನೋಡಿದರೆ ಇನ್ನೊಂದು ಕಾಣಲ್ಲ, ಅಲ್ವಾ? ಈ ಕಾಲಿನ ಬಗ್ಗೆ ಹಳೆಯ ತಮಾಷೆಯೂ ಇದೆ. ಕುಯ್ ಅನ್ನುವ ಸಂಗೀತಗಾರನಿಗೆ ಒಂದೇ ಕಾಲಂತೆ ನಿಜವೇ ಅಂತ ಲು ರಾಜ್ಯದ ದೊರೆ ಕನ್‌ಫ್ಯೂಷಿಯಸ್‌ನನ್ನು ಕೇಳಿದನಂತೆ. ಚೀನೀ ಭಾಷೆಯಲ್ಲಿ ಕಾಲು, ಸಾಕು ಎರಡಕ್ಕೂ 'ಝು' ಒಂದೇ ಮಾತು. ಒಂದೇ ಕಾಲಲ್ಲ ಸ್ವಾಮಿ, ಅಂಥವನು ಒಬ್ಬ ಸಾಕು ಅಂದದ್ದು ಅಂತ ಉತ್ತರ ಬಂತಂತೆ.