ಒಳ್ಳೆ ಕತೆ ಇರುವ ಗೇಮ್‌ಗೆ ರಕ್ತ, ಬೈಗುಳ ಬೇಕೇ ಬೇಕಾ?

ಬದಿಯಡ್ಕದವ:
ಮೊನ್ನೆ ರಾತ್ರಿ ದಿ ಲಾಸ್ಟ್ ಆಫ್ ಅಸ್ ಆಡುತ್ತಿದ್ದೆ. ಸರಿಯಾಗಿ ಅದರ ನಾಯಕ ಜೋಯೆಲ್ ಒಬ್ಬನ ತಲೆಯನ್ನು ಗೋಡೆಗೆ ಜಜ್ಜುವ ಹೊತ್ತಿಗೆ ಅಮ್ಮ ಕಾಫಿ ಹಿಡಿದುಕೊಂಡು ಬಂದರು. "ಇದಾ ನೀನು ಹೇಳಿದ ಒಳ್ಳೆ ಕತೆ?" ಅಂತ ಕೇಳಿ ಲೋಟ ಇಟ್ಟು ಹೋದರು. ಬಾಯಿ ಬರಲಿಲ್ಲ ನನಗೆ. 2013ರ ಗೇಮ್ ಅದು, ಮೂರನೇ ಸಲ ಆಡುತ್ತಿದ್ದೇನೆ, ಈಗಲೂ ಮನಸ್ಸಲ್ಲಿ ಉಳಿದಿರುವುದು ಪಾಳು ಬಿದ್ದ ಊರಲ್ಲಿ ಅವನ ಜೊತೆಗಿರುವ ಹುಡುಗಿ ಎಲ್ಲೀ ಜಿರಾಫೆಯನ್ನು ಸವರುವ ಜಾಗ. ಅಲ್ಲಿ ಗುಂಡೂ ಇಲ್ಲ, ಬೈಗುಳವೂ ಇಲ್ಲ. ಹಾಗಾದರೆ ಉಳಿದ ರಕ್ತ ಎಲ್ಲ ಯಾಕೆ? ಹದಿನೇಳು ದಾಟಿದವರಿಗೆ ಅಂತ ಚೀಟಿ ಅಂಟಿಸಿದರೇನೇ ಕತೆ ಗಟ್ಟಿಯಾಗುತ್ತದಾ?

ಕುಂಬಳೆ ಕೋಡಂಗಿ:
ಜಿರಾಫೆ ಅಷ್ಟು ಚಂದ ಕಂಡದ್ದೇ ಅಲ್ಲಿವರೆಗೆ ರಕ್ತ ನೋಡಿದ್ದಕ್ಕೆ ಮಾರಾಯ. ಸುಮ್ನೆ ಅದೊಂದನ್ನೇ ಕತ್ತರಿಸಿ ತೋರಿಸಿದರೆ ಪಿಲಿಕುಳದ ಮೃಗಾಲಯಕ್ಕೆ ಪಿಕ್ನಿಕ್ ಹೋದ ಹಾಗೆ. ಅಜ್ಜನ ಮಡಿಲಲ್ಲಿ ಕೂತು ದುಶ್ಶಾಸನ ವಧೆ ಯಕ್ಷಗಾನ ನೋಡಿದವರು ನಾವು. ಆಗ ಯಾರಾದರೂ ವಯಸ್ಸು ಕೇಳಿದ್ದರಾ?

ಮಂಜೇಶ್ವರ ಗಡಿಪಾರು:
ಪೇಪರ್ಸ್ ಪ್ಲೀಸ್ ಆಡಿ ನೋಡಿ. ಅದೂ 2013ರದ್ದೇ, ಲೂಕಸ್ ಪೋಪ್ ಅನ್ನುವವರು ಮಾಡಿದ್ದು. ನೀವು ಗಡಿಯ ಗೂಡಲ್ಲಿ ಕೂತ ಗುಮಾಸ್ತ, ಬಂದವರ ಕಾಗದ ನೋಡಿ ಸೀಲು ಹೊಡೆಯಬೇಕು. ಒಂದು ದಿನ ಒಬ್ಬ ಬರುತ್ತಾನೆ, ಅವನ ಕಾಗದ ಎಲ್ಲ ಸರಿ. ಹಿಂದೆ ಹೆಂಡತಿ ಇದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಅನ್ನುತ್ತಾನೆ. ಅವಳ ಹತ್ತಿರ ಪರ್ಮಿಟ್ ಇಲ್ಲ. ಬಿಟ್ಟರೆ ನಿಮಗೆ ನೋಟಿಸು, ಇಂಥದ್ದು ಜಾಸ್ತಿಯಾದರೆ ದಂಡ, ಮನೆಯಲ್ಲಿ ಅನ್ನಕ್ಕೂ ಮದ್ದಿಗೂ ದುಡ್ಡು ಸಾಲುವುದಿಲ್ಲ.
2020ರ ಮಾರ್ಚಲ್ಲಿ ಕೊರೋನಾ ಅಂತ ಕೇರಳ ಗಡಿಯ ತಲಪಾಡಿ ಮುಚ್ಚಿದಾಗ ಮಾವನನ್ನು ಡಯಾಲಿಸಿಸ್‌ಗೆ ಅಂತ ಮಂಗಳೂರಿಗೆ ಕರೆದುಕೊಂಡು ಹೊರಟು, ಒಳರಸ್ತೆಗೂ ಮಣ್ಣು ಸುರಿದಿದ್ದು ನೋಡಿ ಕಾರು ತಿರುಗಿಸಿದವನು ನಾನು. ಗೂಡಿನ ಹೊರಗೆ ನಿಲ್ಲುವುದು ಹೇಗೆ ಅಂತ ಗೊತ್ತಿತ್ತು, ಒಳಗೆ ಕೂರುವುದು ಈ ಗೇಮಲ್ಲಿ ಗೊತ್ತಾಯಿತು. ಅದರಲ್ಲೂ ಬಂದವರ ಮೈ ತಪಾಸಣೆಗೆ ಸ್ಕ್ಯಾನರ್ ಅಂತ ಅವರ ಬೆತ್ತಲೆ ಚಿತ್ರ ಬರುತ್ತದೆ, ಆದರೆ ಸೆಟ್ಟಿಂಗ್ಸಲ್ಲಿ ಆಫ್ ಮಾಡಬಹುದು. ಮಾಡಿದೆ. ಕತೆಗೆ ಏನೂ ಆಗಲಿಲ್ಲ.

ಕುಂಬಳೆ ಕೋಡಂಗಿ:
ಆಗಲಿಲ್ಲವಾ? ಯಾರದೋ ಎದುರು ಹಾಗೆ ನಿಲ್ಲಬೇಕಾದ ಅವಮಾನ ನೋಡುವವನಿಗೂ ತಟ್ಟಬೇಕು ಅಂತಲೇ ಅಲ್ವಾ ಅದನ್ನು ಇಟ್ಟದ್ದು. ನೀವು ಆಫ್ ಮಾಡಿದ್ದು ನಿಮ್ಮ ನಾಚಿಕೆಯನ್ನು.

ಮುಳ್ಳೇರಿಯ ಮೇಷ್ಟ್ರು:
ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆಯಲ್ಲಿ, ದ್ರೌಪದಿಯ ಸೀರೆ ಸೆಳೆಯುವಾಗ ವೇಷವೂ ಇಲ್ಲ, ಸೀರೆಯೂ ಇಲ್ಲ, ಎದುರಿಗೆ ಇರುವುದು ಶಾಲು ಹೊದ್ದು ಚಕ್ಕಳಮಕ್ಕಳ ಹಾಕಿ ಕೂತ ಗಂಡಸು. ಆದರೂ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಸಭೆಯಲ್ಲಿ ಕೆಮ್ಮು ಕೂಡ ನಿಲ್ಲುತ್ತದೆ. ಮಾತು ಬರದ ಗೇಮ್‌ನವರೇ ಜಾಸ್ತಿ ರಕ್ತ ಚೆಲ್ಲುವುದು ಅಂತ ನನ್ನ ಅನುಮಾನ. ಗುಂಡು ಹೊಡೆಯುವ ಗೇಮ್ ಮಾರಾಟವೂ ಆಗುತ್ತದೆ, ಅದು ಬೇರೆ ವಿಷಯ.

ಬದಿಯಡ್ಕದವ:
ನಿನ್ನೆ ಅಮ್ಮನನ್ನು ಪಕ್ಕ ಕೂರಿಸಿಕೊಂಡು ಪೇಪರ್ಸ್ ಪ್ಲೀಸ್ ಆಡಿದೆ. ಆ ಹೆಂಡತಿ ಬಂದಳು. "ಬಿಡು ಮಗಾ, ಗಂಡ ಕಾಯುತ್ತಿದ್ದಾನೆ" ಅಂದರು. ಬಿಟ್ಟೆ. ನೋಟಿಸು ಬಂತು. ಅಮ್ಮ ಆ ನೋಟಿಸಿನ ಮಿಷಿನ್‌ಗೆ ಬೈದದ್ದನ್ನು ಇಲ್ಲಿ ಬರೆದರೆ ಈ ಥ್ರೆಡ್‌ಗೇ ಹದಿನೇಳರ ಚೀಟಿ ಅಂಟಿಸಬೇಕಾಗುತ್ತದೆ.