ತಿಕ್ಕುವುದಲ್ಲ, ಉಜ್ಜುವುದಲ್ಲ: ಕುತ್ತಿಗೆಯ ಊತ ಇಳಿಸುವ ಕೈಕೆಲಸಕ್ಕೆ ಯಾವ ಮಾತು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದ ಹುಡುಕುತ್ತಿದ್ದೇನೆ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಕೆಲಸದಲ್ಲಿದ್ದೇನೆ. ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಮುಗಿಸಿಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೆ ಮರಳುವವರ ಕೈಗೆ ಕೊಡಲು ಒಂದು ಹಾಳೆಯ ಸೂಚನೆ ಬರೆಯುತ್ತಿದ್ದೇವೆ. ಎಲೆ-ಅಡಿಕೆ, ತಂಬಾಕು, ಗುಟ್ಕಾ ಜಗಿಯುವ ಸೀಮೆ ನಮ್ಮದು, ಇಂಥವರು ಕಮ್ಮಿಯಿಲ್ಲ.

ಲಿಂಫ್ ಎಂದರೆ ಮೈಯೊಳಗೆ ತನ್ನದೇ ನಾಳಗಳಲ್ಲಿ ಹರಿಯುವ ನೀರು, ಅದನ್ನು ಸೋಸುವ ಪುಟ್ಟ ಗಂಟುಗಳಲ್ಲಿ ಸುಮಾರು 300 ಕುತ್ತಿಗೆಯಲ್ಲೇ ಇವೆ. ಆಪರೇಷನ್‌ನಲ್ಲಿ ಅವುಗಳಲ್ಲಿ ಕೆಲವು ಹೋಗಿ, ಉಳಿದ ಲಿಂಫ್ ನಾಳಗಳು ರೇಡಿಯೇಷನ್‌ನಿಂದ ಬಿಗಿದುಕೊಂಡರೆ, ಆ ದಾರಿಯಲ್ಲಿ ಇಳಿದು ಹೋಗಬೇಕಾದ ನೀರು ಗದ್ದದ ಕೆಳಗೆ, ಕೆನ್ನೆಯಲ್ಲಿ, ಕೆಲವರಿಗೆ ಗಂಟಲೊಳಗೂ ನಿಲ್ಲುತ್ತದೆ. ಚಿಕಿತ್ಸೆ ಮುಗಿದು ವಾರಗಳೋ ತಿಂಗಳುಗಳೋ ಆದಮೇಲೆ ಕಾಣಿಸುತ್ತದೆ. ರಾತ್ರಿಯೆಲ್ಲ ಮಲಗಿರುವುದರಿಂದ ಬೆಳಿಗ್ಗೆ ಹೆಚ್ಚು, ಎದ್ದು ಓಡಾಡಿದ ಮೇಲೆ ಕಮ್ಮಿ. ಮೊದಮೊದಲು ಮೆತ್ತಗಿರುತ್ತದೆ, ಹಾಗೇ ಬಿಟ್ಟರೆ ಜಡ್ಡುಗಟ್ಟುತ್ತದೆ. ಫೈಬ್ರೋಸಿಸ್ ಎಂಬುದಕ್ಕೆ ಹಾಳೆಯಲ್ಲಿ ಇದೇ ಮಾತು ಹಾಕಿದ್ದೇವೆ. ಕತ್ತಿ, ಗುದ್ದಲಿ ಹಿಡಿದ ಕೈಗಳಿಗೆ ಜಡ್ಡು ಏನೆಂದು ವಿವರಿಸಬೇಕಿಲ್ಲ.

ಈ ಊತ ಇಳಿಸಲು ದಿನಕ್ಕೆ ಒಂದೆರಡು ಸಲ ರೋಗಿಯೇ ಕೂತು ಮಾಡಿಕೊಳ್ಳಬೇಕಾದ ಕೈಕೆಲಸವಿದೆ. ಬೆರಳುಗಳನ್ನು ಚಪ್ಪಟೆಯಾಗಿ ಚರ್ಮದ ಮೇಲಿಡಬೇಕು. ಬೆರಳು ಜಾರಬಾರದು, ಬೆರಳಿನ ಜೊತೆ ಚರ್ಮವೇ ತುಸು ಸರಿಯಬೇಕು. ಬಿಟ್ಟಾಗ ತಾನಾಗಿ ಹಿಂದಕ್ಕೆ ಬರಬೇಕು. ಎಣ್ಣೆ ಬೇಡ. ಬಲ ಬೇಡವೇ ಬೇಡ, ಏಕೆಂದರೆ ಆ ನಾಳಗಳು ಚರ್ಮಕ್ಕೆ ಅಂಟಿಕೊಂಡಂತೆ ತೀರಾ ಮೇಲಿವೆ, ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಕುತ್ತಿಗೆಯ ಎರಡೂ ಪಕ್ಕವನ್ನು ಒಟ್ಟಿಗೆ ಅಮುಕುವುದಂತೂ ಅಪಾಯ. ಮಿದುಳಿಗೆ ಹೋಗುವ ರಕ್ತನಾಳಗಳು ಅಲ್ಲೇ ಇವೆ.

ಈಗ ಹಾಳೆಯಲ್ಲಿ "ಮಸಾಜ್ ಮಾಡಿಕೊಳ್ಳಿ" ಎಂದಿದೆ. ಓದಿದವರು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮನೆಯವರ ಕೈಲಿ ಬಲವಾಗಿ ತಿಕ್ಕಿಸಿಕೊಳ್ಳುತ್ತಾರೆ, ಮೇಲೆ ಬಿಸಿನೀರಿನ ಕಾವು ಬೇರೆ. ರೇಡಿಯೇಷನ್ ಬಿದ್ದ ಚರ್ಮಕ್ಕೆ ಕಾವು ಕೊಡಕೂಡದು. ಅಲ್ಲಿ ಸ್ಪರ್ಶ ಮಂದವಾಗಿರುತ್ತದೆ, ಸುಟ್ಟರೂ ತಿಳಿಯದು. ಹಾಗಾಗಿ ಈ ಪದ ನನಗೆ ಬರೀ ಭಾಷೆಯ ಪ್ರಶ್ನೆಯಲ್ಲ.

ಕೈಯಿಂದ ತೀಡು ಎಂಬರ್ಥದ "ನೀವು" ಎಂಬ ಹಳೆಯ ಧಾತು ಚೆನ್ನಾಗಿದೆ. ಆದರೆ "ನೀವು ನೀವಿಕೊಳ್ಳಿ" ಎಂದು ಬರೆದರೆ ಓದುವವರು ಎಡವುತ್ತಾರೆ, ಮೇಲಾಗಿ ಉಳುಕು ನೀವುವವರ ಕೈ ಸಾಮಾನ್ಯ ಕೈಯಲ್ಲ. "ಸವರು" ಎಂದರೆ ನಮ್ಮ ಕಡೆ ಬೆಟ್ಟದಲ್ಲಿ ಸೊಪ್ಪು ಸವರುವುದೂ ಹೌದು. ಅದು ಹೋಗಲಿ ಎಂದರೂ ಸವರುವಾಗ ಬೆರಳು ಜಾರುತ್ತದೆ. "ನೇವರಿಸು" ಕಥೆ-ಕವಿತೆಗೆ ಸರಿ, ತನಗೆ ತಾನೇ ಗದ್ದ ನೇವರಿಸಿಕೊಂಡೆ ಎಂದು ಯಾವ ಅಡಿಕೆ ಬೆಳೆಗಾರರೂ ಹೇಳರು. "ಕೈಯಾಡಿಸು" ನನಗೆ ತುಂಬ ಹಿಡಿಸಿದೆ. ಅದರಲ್ಲಿ ಹಗುರವಿದೆ. ಆದರೆ ದಿಕ್ಕಿಲ್ಲ, ಇಲ್ಲಿ ದಿಕ್ಕೇ ಮುಖ್ಯ.

ದಿಕ್ಕಿನ ವಿಷಯಕ್ಕೆ "ಬಸಿ" ಒದಗಿ ಬಂತು. ಈ ಕ್ರಮದಲ್ಲಿ ಮೊದಲು ಕೈಯಿಡುವುದು ಊದಿದ ಜಾಗಕ್ಕಲ್ಲ. ನಿಧಾನವಾಗಿ ಆಳದ ಉಸಿರು ತೆಗೆದುಕೊಂಡು ಕಂಕುಳಿನಿಂದ ಶುರುಮಾಡಿ, ಎದೆ, ಕೊರಳೆಲುಬು, ಕುತ್ತಿಗೆ, ಕಡೆಗೆ ಗದ್ದ ಮತ್ತು ಮುಖಕ್ಕೆ ಬರಬೇಕು. ಚರ್ಮ ಸರಿಸುವುದು ಮಾತ್ರ ಪ್ರತಿ ಸಲವೂ ಕಂಕುಳ ಕಡೆಗೇ. ತೋಟದ ಬಸಿಗಾಲುವೆಯನ್ನು ಕೆಳತುದಿಯಿಂದ ಬಿಡಿಸುತ್ತ ಬರುವ ಹಾಗೆ ಎಂದರೆ ತಕ್ಷಣ ಹಿಡಿದುಬಿಡುತ್ತಾರೆ. ಆದರೆ "ನೀರು ಬಸಿಯುವುದು" ಎಂದಾಗ ಸೂಜಿ ಚುಚ್ಚಿ ತೆಗೀತೀರಾ ಎಂದು ಒಬ್ಬ ಅಮ್ಮ ಗಾಬರಿಯಾದರು. ಒಟ್ಟು ಕ್ರಮಕ್ಕೆ "ಬಸಿಯುವುದು" ಇಟ್ಟುಕೊಂಡು, ಬೆರಳಿನ ಆ ಒಂದು ಚಲನೆಗೆ ಬೇರೆ ಮಾತು ಬೇಕೆಂಬುದು ನನ್ನ ಈಗಿನ ತೀರ್ಮಾನ.

ಇನ್ನೆರಡು ಪದ. ಲಿಂಫ್‌ಗೆ ಪಠ್ಯಪುಸ್ತಕದಲ್ಲಿರುವ "ದುಗ್ಧರಸ" ಎಂಬ ಮಾತು ಕೇಳಿ ಹಾಲು ಬಿಡಬೇಕೇ ಎಂದು ಕೇಳುವವರಿದ್ದಾರೆ. ಕರುಳಿನಿಂದ ಬರುವ ಲಿಂಫ್ ಊಟವಾದ ಮೇಲೆ ಹಾಲಿನಂತಿರುತ್ತದೆ ನಿಜ, ಗದ್ದದಲ್ಲಿ ನಿಂತದ್ದು ತಿಳಿನೀರಿನಂಥದು. ಹಾಗಾಗಿ "ಲಿಂಫ್ ನೀರು" ಎಂದೇ ಬರೆದಿದ್ದೇವೆ. "ಬಾವು" ಬೇಡವೆಂದದ್ದೂ ನಾನೇ: ಅದರಲ್ಲಿ ನೋವು, ಕೀವು ಸೇರಿಕೊಂಡಿವೆ. ಆ ಪದವನ್ನು ಎಚ್ಚರಿಕೆಯ ಸಾಲಿಗೆ ಉಳಿಸಿಕೊಂಡಿದ್ದೇವೆ: ಊದಿದ ಜಾಗ ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಅದು ಬಾವು, ಕೈಕೆಲಸ ನಿಲ್ಲಿಸಿ ಅವತ್ತೇ ಡಾಕ್ಟರ ಬಳಿ ಹೋಗಿ. ಉಸಿರಿಗೆ ಕಟ್ಟಿದಂತಾದರೆ ಗಳಿಗೆಯೂ ಕಾಯಬೇಡಿ. ಹೊಸ ಗಂಟು ಕೈಗೆ ಸಿಕ್ಕರೆ ಅದನ್ನು ಊತವೆಂದುಕೊಂಡು ಸುಮ್ಮನಿರಬೇಡಿ.

"ಸ್ವಯಂ ನಿರ್ವಹಣೆ" ಎಂಬ ತಲೆಬರಹ ಕಚೇರಿ ಕಡತದಂತಿದೆ. "ಊತ ಹತೋಟಿಯಲ್ಲಿಟ್ಟುಕೊಳ್ಳುವುದು" ಸಾಕಲ್ಲವೇ?

ಎಳೆಮಕ್ಕಳಿಗೆ, ಬಾಣಂತಿಯರಿಗೆ ಎಣ್ಣೆ ಹಚ್ಚುವ ಹಿರಿಯರ ಬಾಯಲ್ಲಿ ಹಗುರ ಕೈಗೂ ಬಿರುಸು ಕೈಗೂ ಬೇರೆ ಬೇರೆ ಮಾತುಗಳಿರಬೇಕು. ದೀವರು, ಹವ್ಯಕರು, ಒಕ್ಕಲಿಗರು, ಬ್ಯಾರಿಗಳು, ಯಾರ ಮನೆಮಾತಿನದಾದರೂ ಸರಿ. ಪದದ ಜೊತೆಗೆ ಯಾವ ಊರಿನದು, ಆ ಮಾತು ಕೇಳಿದರೆ ಕೈ ಎಷ್ಟು ಬಲ ಹಾಕುತ್ತದೆ ಎಂಬುದನ್ನೂ ದಯವಿಟ್ಟು ಬರೆಯಿರಿ.