ಪದಚರ್ಚೆ: ‘ವೆಲಾಸಿಟಿ ಡಿಸ್ಪರ್ಷನ್’ಗೆ ‘ವೇಗದ ಹರವು’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಗೆಲಾಕ್ಸಿಗಳ ಕೇಂದ್ರದಲ್ಲಿ ಅಡಗಿರುವ ಕಪ್ಪುಕುಳಿಯನ್ನು ಸುತ್ತಲಿನ ನಕ್ಷತ್ರಗಳ ಓಟದಿಂದ ಪತ್ತೆಹಚ್ಚುವುದರ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. (ಕಪ್ಪುಕುಳಿಯೋ ಕೃಷ್ಣರಂಧ್ರವೋ ಎಂಬ ಹಳೆಯ ಜಗಳ ಸದ್ಯಕ್ಕೆ ಬೇಡ.)

ನಮ್ಮ ಕ್ಷೀರಪಥದ ಭಾಗಕ್ಕೆ ಪದಗಳ ಕೊರತೆ ಆಗಲಿಲ್ಲ. ಎಸ್2 ಎಂಬ ನಕ್ಷತ್ರ ಸುಮಾರು 16 ವರ್ಷಕ್ಕೊಮ್ಮೆ ಕೇಂದ್ರವನ್ನು ಸುತ್ತುತ್ತದೆ. 2018ರಲ್ಲಿ ಅತಿ ಹತ್ತಿರ ಬಂದಾಗ ಅದರ ವೇಗ ಸೆಕೆಂಡಿಗೆ 7,600 ಕಿ.ಮೀ. ದಾಟಿತ್ತು. ಕಕ್ಷೆ ತಿಳಿದರೆ ನಡುವಿನ ದ್ರವ್ಯರಾಶಿಯೂ ಸಿಕ್ಕಿತು: ಸುಮಾರು 43 ಲಕ್ಷ ಸೂರ್ಯರಷ್ಟು.

ತೊಡಕು ದೂರದ ಗೆಲಾಕ್ಸಿಗಳದ್ದು. ಅಲ್ಲಿ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣವು, ಬೆಳಕೆಲ್ಲ ಕಲಸಿಕೊಂಡೇ ಬರುತ್ತದೆ. ನಮ್ಮತ್ತ ಬರುವ ನಕ್ಷತ್ರದ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆ ನೀಲಿಯ ಕಡೆಗೆ, ದೂರ ಸರಿಯುವುದರದ್ದು ಕೆಂಪಿನ ಕಡೆಗೆ ಜರುಗುತ್ತದೆ. ಎಲ್ಲ ಸೇರಿ ಗೆರೆ ಅಗಲವಾಗುತ್ತದೆ. ವೇಗಗಳು ಸರಾಸರಿಯಿಂದ ಎಷ್ಟು ಆಚೀಚೆ ಇವೆ ಎಂಬುದನ್ನು ಆ ಅಗಲ ಹೇಳುತ್ತದೆ. ಇದೇ ‘ವೆಲಾಸಿಟಿ ಡಿಸ್ಪರ್ಷನ್’.

‘ಡಿಸ್ಪರ್ಷನ್’ಗೆ ‘ವರ್ಣವಿಭಜನೆ’ ಎನ್ನುವುದು ಪಟ್ಟಕದ ಬೆಳಕಿಗೆ ಸರಿ, ಇಲ್ಲಿ ಅದರ ಮಾತೇ ಇಲ್ಲ. ‘ಪ್ರಸರಣ’ ಎಂದರೆ ಆಕಾಶವಾಣಿ ನೆನಪಾಗುತ್ತದೆ. ‘ಚದುರಿಕೆ’ ಎಂದರೆ ನಕ್ಷತ್ರಗಳೇ ದಿಕ್ಕಾಪಾಲಾದವು ಎಂದು ಓದುಗರು ತಿಳಿದಾರು. ಲೆಕ್ಕದ ದೃಷ್ಟಿಯಿಂದ ‘ವೇಗ ವಿಚಲನೆ’ ಹತ್ತಿರದ್ದು, ಗಣಿತ ಪುಸ್ತಕಗಳಲ್ಲಿ ‘ಮಾನಕ ವಿಚಲನೆ’ ಇದ್ದೇ ಇದೆ. ಆದರೆ ಅದು ದಾರಿ ತಪ್ಪಿದ್ದನ್ನೂ ಸೂಚಿಸುತ್ತದೆ. ನನಗೆ ಹಿಡಿಸಿರುವುದು ‘ವೇಗದ ಹರವು’: ಅಗಲದ ಅರ್ಥ ಅದರಲ್ಲೇ ಇದೆ. ಬರೇ ‘ನಕ್ಷತ್ರಗಳ ಹರವು’ ಎಂದುಬಿಟ್ಟರೆ ಮಾತ್ರ ಜಾಗದ ವಿಸ್ತಾರವಾಗಿಬಿಡುತ್ತದೆ, ಹಾಗಾಗಿ ‘ವೇಗದ’ ಎಂಬುದನ್ನು ಎಲ್ಲೂ ಬಿಡುವಂತಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಆಕಾಶದಲ್ಲಿ ನಕ್ಷತ್ರ ಅಡ್ಡಡ್ಡ ಸರಿಯುವ ‘ಪ್ರಾಪರ್ ಮೋಷನ್’ಗೆ ‘ನಿಜಚಲನೆ’ ಎನ್ನಬಹುದೇ? ಸಂಸ್ಕೃತದಲ್ಲಿ ‘ನಿಜ’ ಎಂದರೆ ತನ್ನದು, ಅಲ್ಲಿಗೆ ಸರಿಯೇ. ಕನ್ನಡದ ಕಿವಿಗೆ ಮಾತ್ರ ಉಳಿದ ಚಲನೆಯೆಲ್ಲ ಸುಳ್ಳು ಎಂಬಂತೆ ಕೇಳುತ್ತದೆ! ‘ಸ್ವಚಲನೆ’ ವಾಸಿ ಅನಿಸುತ್ತದೆ.

ಲೇಖನದ ವಾಕ್ಯಗಳು ಹೀಗಿವೆ, ಓದಿ ಎಲ್ಲಿ ಎಡವುತ್ತದೆ ತಿಳಿಸಿ: “ನೆರೆಯ ಗೆಲಾಕ್ಸಿ ಆಂಡ್ರೊಮಿಡಾದ ಕೇಂದ್ರದತ್ತ ಸಾಗಿದಂತೆ ನಕ್ಷತ್ರಗಳ ವೇಗದ ಹರವು ಹೆಚ್ಚುತ್ತದೆ. ಒಂದು ಗೆಲಾಕ್ಸಿಯ ನಡುವಿನ ಉಬ್ಬಿನಲ್ಲಿ ಈ ಹರವು ಇನ್ನೊಂದು ಗೆಲಾಕ್ಸಿಯದ್ದರ ಇಮ್ಮಡಿಯಿದ್ದರೆ, ಕಪ್ಪುಕುಳಿಯ ದ್ರವ್ಯರಾಶಿ ಸಾಮಾನ್ಯವಾಗಿ ಹದಿನಾರು ಪಟ್ಟು ಅಥವಾ ಅದಕ್ಕೂ ಹೆಚ್ಚಿರುತ್ತದೆ.”